ಭಾವನ ಲಾಗರ್

ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಅಕ್ಕ ತಂಗಿ ಕೂತಿದ್ದರು. ಅಕ್ಕನ ಗಂಡ ಮನೆಯಲ್ಲೇ ಬಿಯರ್ ಮಾಡಿದ ಸುದ್ದಿ ನಡೆದಿತ್ತು.

"ಜರ್ಮನ್ ಲಾಗರ್ ಅಂತೆ. ವಾರಗಟ್ಟಲೆ ತಣ್ಣಗಿರಬೇಕಂತೆ. ಇಡೀ ಫ್ರಿಜ್ ಅದಕ್ಕೇ. ನನ್ನ ತರಕಾರಿ ಹೊರಗೆ ಬಾಡ್ತಿತ್ತು."

"ಕೊನೆಗೂ ಕುಡಿದ್ರಾ ಭಾವ?"

"ಅದಕ್ಕೆ ಮುಂಚೆ ನಾಟಕ ಬೇಡ್ವಾ? ಗ್ಲಾಸನ್ನ ಬೆಳಕಿಗೆ ಹಿಡಿದ್ರು, ನೊರೆ ನೋಡಿದ್ರು, ಮೂಸಿದ್ರು. ಆಗತಾನೆ ಬೇಕರಿಯಿಂದ ತಂದ ಬ್ರೆಡ್ಡಿನ ವಾಸನೆ ಇದೆ ಅಂದ್ರು."

"ಅವತ್ತು ಹಾಲು ಸೀದು ತಳ ಹಿಡಿದಾಗ ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ರಲ್ಲ?"

"ಅದೇ ಮೂಗು. ಮದುವೆ ಆದಾಗಿನಿಂದ ನನ್ನ ಅಡುಗೆ ಬಗ್ಗೆ ಒಂದು ಮಾತೂ ಆಡಿಲ್ಲ. ಉಪ್ಪಿಲ್ಲದಿದ್ರೂ ತಿಂದು ಎದ್ದು ಹೋಗೋ ಮನುಷ್ಯ, ನನಗೊಂದು ಗ್ಲಾಸ್ ಕೊಟ್ಟು ಮುಖಾನೇ ನೋಡ್ತಾ ಕೂತ್ರು, ಏನು ಹೇಳ್ತೀನೋ ಅಂತ."

"ಹೇಗಿತ್ತು?"

ಅಕ್ಕ ತಂಗಿಯ ಕಡೆ ವಾಲಿದರು.

"ಚೆನ್ನಾಗಿತ್ತು ಕಣೆ. ತಿಳಿಯಾಗಿತ್ತು. ಬ್ರೆಡ್ಡಿನ ವಾಸನೆ ಇದ್ದಿದ್ದೂ ನಿಜ. ಕೊನೆಗೆ ನಾಲಿಗೆ ಮೇಲೆ ಒಂಚೂರು ಕಹಿ, ಇನ್ನೊಂದು ಗುಟುಕು ಬೇಕು ಅನ್ಸೋ ಅಂಥ ಕಹಿ."

"ಹಾಗಂತ ಹೇಳಿದ್ಯಾ?"

"ನಾನ್ಯಾಕೆ ಹೇಳಲಿ? ಪೂರ್ತಿ ಕುಡಿದು, ಗ್ಲಾಸ್ ಇಟ್ಟು, ಬಟ್ಟೆ ಒಣಹಾಕೋಕೆ ಹೋದೆ."

"ಪಾಪ ಕಣಕ್ಕಾ ಭಾವ."

"ಎಲ್ಲಿಯ ಪಾಪ? ಕ್ಲಿಪ್ಪಿನ ಡಬ್ಬಿ ಹಿಡ್ಕೊಂಡು ಹಿಂದೆ ಹಿಂದೆ ಬಂದ್ರು. ಕಹಿ ಜಾಸ್ತಿ ಆಯ್ತಾ ಅಂತ ಕೇಳಿದ್ರು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಹೊಟ್ಟೆ ತಣ್ಣಗಾಯ್ತು."

ನರ್ಸ್ ಅಕ್ಕನನ್ನು ಒಳಗೆ ಕರೆದರು. ತಂಗಿ ಅವರ ಬ್ಯಾಗ್ ಎತ್ತಿಕೊಳ್ಳುತ್ತಾ, "ಇನ್ನೂ ಉಳಿದಿದೆಯಾ?" ಅಂದಳು.

"ಅವರಿಗೆ ಕಾಣದ ಹಾಗೆ ಒಂದು ಬಾಟಲಿ ತೆಗೆದಿಟ್ಟಿದೀನಿ. ಸಾಯಂಕಾಲ ಬಾ," ಅಂದು ಅಕ್ಕ ಒಳಗೆ ನಡೆದರು.