ಬಾಣದ ಹಿಂದಿನ ಗರಿ

ಗೋಥೆನ್‌ಬರ್ಗ್‌ನ ಟ್ರಾಮಿನಲ್ಲಿ ಎದುರು ಸೀಟಿನಿಂದ ಕನ್ನಡ ಕೇಳಿಸಿದ್ದೇ ತಡ, ತುಂಗಮ್ಮನವರ ಕಿವಿ ನೆಟ್ಟಗಾಯಿತು. ಡೆನ್ಮಾರ್ಕಿನಲ್ಲಿ ಬಿಲ್ಲುಬೇಟೆಯಾಡಿ ಆಗಷ್ಟೇ ಹಡಗಿಳಿದು ಬಂದ ಭಾವ, ಬಾಮೈದ.

"ಎದೆಗೇ ಗುರಿಯಿಟ್ಟಿದ್ದೆ ಭಾವ. ಪ್ರಾಕ್ಟೀಸಲ್ಲಿ ಒಂದೂ ತಪ್ಪಿರಲಿಲ್ಲ."

"ಪ್ರಾಕ್ಟೀಸಲ್ಲಿ ಇದ್ದದ್ದು ಮೊಂಡು ತುದಿ ಕಣೋ. ಬೇಟೆಗೆ ಅಗಲದ ಅಲಗು ಹಾಕಿದ್ರೆ ಗಾಳಿ ಬಾಣ ತಿರುಗಿಸುತ್ತೆ, ಹಿಂದೆ ದೊಡ್ಡ ಗರಿ ಬೇಕು ಅಂತ ಬಡ್ಕೊಂಡೆ."

"ಚಿಕ್ಕ ಗರಿಯಾದ್ರೆ ಸ್ಪೀಡಾಗಿ ಹೋಗುತ್ತೆ ಅಂತ..."

"ಹೋಯ್ತಲ್ಲ, ಸ್ಪೀಡಾಗಿ ಹೊಟ್ಟೆಗೆ! ಕರುಳು ಎಳ್ಕೊಂಡು ಎರಡು ಗಂಟೆ ಓಡಿತು ಜಿಂಕೆ."

"ನೀವು ಕತ್ತು ಕೊಯ್ಯೋವಾಗ ನನ್ನನ್ನೇ ನೋಡ್ತಿತ್ತು."

"ನಿನ್ನನ್ನಲ್ಲ, ಚಾಕುವನ್ನ."

"ದೊಡ್ಡ ಗರಿ ಅಂಟಿಸ್ತೀನಿ. ಶನಿವಾರ ಮತ್ತೆ ಕರ್ಕೊಂಡು ಹೋಗ್ತೀರಾ?"

ಭಾವ ಎದ್ದು ಬಾಗಿಲ ಬಳಿ ನಿಂತ. "ಕತ್ತು ನೀನೇ ಕೊಯ್ಯೋದಾದ್ರೆ ಬಾ."

ಟ್ರಾಮು ನಿಂತಿತು, ಭಾವ ಇಳಿದ. ಬಾಮೈದನಿಗೂ ದಾರಿ ಬಿಡಲು ತುಂಗಮ್ಮ ಕಾಲು ಸರಿಸಿದರು. ಅವನು ಏಳಲಿಲ್ಲ.