ಎಪ್ಪತ್ತೊಂದರ ಹತ್ತು ಹೋಮ್ ರನ್

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಜಯನಗರ ಬೇಸ್‌ಬಾಲ್ ಬಳಗದ ಆಟಗಾರರೇ, ಸಭಿಕರೇ,

ಒಂದೇ ವರ್ಷದಲ್ಲಿ ಹತ್ತು ಹೋಮ್ ರನ್ ಹೊಡೆದ ಈ ಸೇತುರಾಮನ, ಅಂದರೆ ನನ್ನ, ದಾಖಲೆಯನ್ನು ಹದಿನೈದು ವರ್ಷಗಳಿಂದ ಯಾರೂ ಮುರಿದಿಲ್ಲವೆಂದು ಕಾರ್ಯದರ್ಶಿಗಳು ಈಗ ಹೊಗಳಿದರು. ಮುರಿಯುವುದಕ್ಕೆ ಈ ಊರಿನಲ್ಲಿ ಬೇಸ್‌ಬಾಲ್ ಆಡುವವರಾದರೂ ಎಷ್ಟು ಮಂದಿ? ನಾವು ಆಡುತ್ತಿದ್ದರೆ ದಾರಿಹೋಕರು ನಿಂತು, "ಸಾರ್, ವಿಕೆಟ್ ಎಲ್ಲಿ?" ಎಂದು ಕೇಳುತ್ತಿದ್ದರು.

ಆದರೆ ಎಪ್ಪತ್ತೊಂದರಲ್ಲಿ ಒಬ್ಬರಿದ್ದರು. ಜರಗನಹಳ್ಳಿಯ ಸೋಮಲಿಂಗಪ್ಪ. ಸೈನ್ಯದಲ್ಲಿ ಈ ಆಟ ಕಲಿತು, ಸೇವೆ ಮುಗಿಸಿ ಬಂದು, ನಮಗೆಲ್ಲ ಕಲಿಸಿದವರು. ಒಂದೇ ಹೊಡೆತಕ್ಕೆ ನಾಲ್ಕೂ ಬೇಸ್ ಮುಟ್ಟಿ ಸುತ್ತಿ ಬಂದರೆ ಅದು ಹೋಮ್ ರನ್. ಆ ವರ್ಷ ಏಳು ಪಂದ್ಯಗಳಲ್ಲಿ ಅವರದು ಒಂಬತ್ತು, ನನ್ನದು ಐದು. ಅಷ್ಟರಲ್ಲಿ ಯುದ್ಧದ ಕರೆ ಬಂತು. ಮೀಸಲು ಪಟ್ಟಿಯಲ್ಲಿದ್ದ ಅವರು ಹೊರಟರು.

"ಸೇತು, ಟೀಮ್ ನೋಡ್ಕೊಳ್ಳಪ್ಪ," ಎಂದರು. ನಾನು ನೋಡಿಕೊಂಡದ್ದು ಟೀಮನ್ನೇ? ಇಲ್ಲ, ಸ್ವಾಮಿ. ಅವರ ಒಂಬತ್ತನ್ನು.

ಎದುರು ತಂಡಗಳ ಒಳ್ಳೆಯ ಎಸೆತಗಾರರೂ ಮೀಸಲು ಸೈನಿಕರೇ, ಅವರೂ ಯುದ್ಧಕ್ಕೆ ಹೋಗಿದ್ದರು. ಕೊನೆಯ ಪಂದ್ಯದ ಹೊತ್ತಿಗೆ ನನ್ನದೂ ಒಂಬತ್ತಾಯಿತು. ಅಂದು ಚೆಂಡು ಮೈದಾನದ ಅಂಚಿಗೆ ಉರುಳಿತು. ನಾನು ಓಡಿದೆ. ಆತುರದಲ್ಲಿ ಮೂರನೇ ಬೇಸಿನ ಮೇಲೆ ಕಾಲಿಡಲಿಲ್ಲ. ಅಂಪೈರ್ ನೋಡಲಿಲ್ಲ. ಅಂಕ ಬರೆಯುತ್ತಿದ್ದ ಕಿಟ್ಟಿ ಕೇಳಿದ: "ಮೂರನೇದು ಮುಟ್ಟಿದ್ಯೇನೋ?"

"ಮುಟ್ಟಿದೆ ಕಣೋ, ಬರ್ಕೋ," ಎಂದೆ.

ಹತ್ತು ಎಂದು ಬರೆದುಕೊಂಡ. ನಿಮ್ಮ ಫಲಕದಲ್ಲಿ ಇಂದಿಗೂ ಇರುವುದು ಆ ಹತ್ತು. ಅಷ್ಟಕ್ಕೆ ಸುಮ್ಮನಾದೆನೇ? ನಿಮ್ಮನ್ನು ಮೀರಿಸಿದೆ ಎಂದು ಸೋಮಲಿಂಗಪ್ಪನವರಿಗೆ ಕಾಗದವನ್ನೂ ಬರೆದೆ.

ಡಿಸೆಂಬರಿನಲ್ಲಿ ಅವರು ಹಿಮದ ಗಡಿಯಲ್ಲಿ ತೀರಿಕೊಂಡ ಸುದ್ದಿ ಬಂತು. ಅದಾಗಿ ಒಂದು ವಾರಕ್ಕೆ ಅವರ ಉತ್ತರ ಬಂತು. 'ಭೇಷ್ ಸೇತು' ಎಂಬ ಮೊದಲ ಸಾಲಿನಿಂದಾಚೆಗೆ ಕಣ್ಣು ಹೋಗಲಿಲ್ಲ. ಸುಳ್ಳಿಗೆ ಸಿಕ್ಕ ಆ ಭೇಷನ್ನು ಯಾರಿಗೆ ತೋರಿಸಲಿ? ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಅವರ ಪತ್ನಿ ಜಯಶೀಲಾ ಅವರನ್ನು ನಾಲ್ಕನೇ ಬ್ಲಾಕಿನ ಮಾರುಕಟ್ಟೆಯಲ್ಲಿ ಕಂಡಾಗಲೆಲ್ಲ ಬೇರೆ ದಾರಿ ಹಿಡಿದೆ.

ಇಂದಿನ ಸನ್ಮಾನದ ಸುದ್ದಿ ತಿಳಿದ ಮೇಲೆ, ಕಳೆದ ಭಾನುವಾರ, ಕಾಗದ ತೆಗೆದುಕೊಂಡು ಅವರ ಮನೆಗೆ ಹೋದೆ. ಎಲ್ಲ ಹೇಳಿಕೊಂಡೆ. ಆ ತಾಯಿ ಅಂದದ್ದಿಷ್ಟು: "ಆಟದ್ ವಿಷ್ಯ ಬಿಡಿ ಸಾರ್. ಕಾಗ್ದ ಕೊಡಿ."

ಹೊಸ್ತಿಲಲ್ಲೇ ನಿಂತು ಓದಿದರು. ಕೊನೆಯ ಎರಡು ಸಾಲುಗಳನ್ನು ಗಟ್ಟಿಯಾಗಿ ಓದಿದರು: 'ಜಯಶೀಲಂಗೆ ಹೇಳು, ಅವಳು ಹೆಣೆದ ಸ್ವೆಟರ್ ಬಂತು. ಹಾಕ್ಕೊಂಡೇ ಬರೀತಿದೀನಿ, ಬೆಚ್ಚಗಿದೆ.'

ಆ ಸಾಲುಗಳನ್ನು ನಾನು ಅಂದೇ ಕೇಳಿಸಿಕೊಂಡದ್ದು.

ಆಕೆ ಬೈಯಲಿಲ್ಲ. "ಹದಿನೈದ್ ವರ್ಷ ಸಾರ್," ಎಂದರು. "ಅದು ತಲುಪ್ತೋ ಇಲ್ವೋ, ಚಳೀಲೇ ಹೋಗ್ಬಿಟ್ರೇನೋ ಅಂತ..." ಮಾತು ಮುಗಿಸದೆ ಒಳಗೆ ಹೋದರು.

ಫಲಕದಲ್ಲಿ ನನ್ನ ಹೆಸರು, ಆ ಹತ್ತು ಅಳಿಸಿ ಅವರ ಹೆಸರು, ಅವರ ಒಂಬತ್ತು ಬರೆಯಿಸಿ. ಒಂದು ಅಂಕಿಯನ್ನು ಹಾಗೆ ತಿದ್ದಬಹುದು. ಆಕೆ ಚಳಿಗಾಲವೆಲ್ಲ ನೊಂದ ಆ ಹದಿನೈದು ವರ್ಷಗಳನ್ನು ನಾನು ಯಾವ ಬಗೆಯಲ್ಲಿ ತಿದ್ದಲಿ?

ತಾಳ್ಮೆಯಿಂದ ಕೇಳಿದಿರಿ, ನಿಮಗೆ ಋಣಿ. ನಮಸ್ಕಾರ.