ಕರಿಯಮ್ಮನ ಕಂಬಳಿ

ಅಜ್ಜಂಪುರದ ಸ್ಟೇಷನ್ನಿನಲ್ಲಿ ಆ ಸಂಜೆ ಮಳೆ ಬಿಡುವಂತೆಯೇ ಕಾಣಲಿಲ್ಲ. ಬೀರೂರಿನ ಕಡೆ ಹೋಗುವ ರೈಲು ತಡ ಎಂದು ಹೇಳಿ ಸ್ಟೇಷನ್ ಮಾಸ್ತರರು ಒಳಗೆ ಸೇರಿಕೊಂಡಿದ್ದರು. ತಗಡಿನ ಚಾವಣಿಯ ಕೆಳಗೆ ಒಂದೇ ಬೆಂಚು, ಅದರ ಸುತ್ತ ಮುದುರಿಕೊಂಡ ನಾವು ಕೆಲವರು. ತವರಿನಿಂದ ಹೊರಟಿದ್ದ ಬಾಣಂತಿ ಕಮಲಾಕ್ಷಮ್ಮನ ಮಡಿಲಲ್ಲಿ ಹಸುಗೂಸು ನಡುಗುತ್ತಿತ್ತು. ಅಳುವುದಕ್ಕೂ ಅದಕ್ಕೆ ಶಕ್ತಿ ಇದ್ದಂತಿರಲಿಲ್ಲ.

ಅವಳ ಪಕ್ಕದಲ್ಲೇ ಬೆಂಚಿನ ತುದಿಯಲ್ಲಿ ಕರಿಕಂಬಳಿ ಹೊದ್ದು ಕೂತಿದ್ದ ಯಗಟಿಯ ತಿಮ್ಮಕ್ಕಜ್ಜಿ ಸಿಡುಕಿದಳು.

"ಯಾವ ಬುದ್ಧಿವಂತ ಹೇಳ್ದನೇ ನಿಂಗೆ, ಈ ಥಂಡೀಲಿ ಎಳೆಗೂಸು ಎತ್ಕೊಂಡು ಹೊರಡು ಅಂತ? ತಗಾ, ಇದನ್ನ ಹೊದಿಸು." ತನ್ನ ಕಂಬಳಿಯನ್ನೇ ತೆಗೆದು ಕೂಸಿನ ಮೇಲೆ ಹಾಕಿದಳು. "ಅದು ಬೆಚ್ಚಗಾಗೋವರ್ಗೂ ಈ ಕಂಬಳಿ ಕತೆ ಹೇಳ್ತೀನಿ. ಹೆದರೋರು ಹೋಗಿ ಮಳೇಲಿ ನಿಂತ್ಕಳಿ.

"ಮಹಾರಾಜರ ಕಾಲ ಕಣ್ರೀ. ನಮ್ಮನೆಯೋರು ಗಿರಿ ಮ್ಯಾಲಿನ ಕಾಫಿ ತೋಟದ ಸಾವ್ಕಾರ್ರ ಹತ್ರ ಡ್ರೈವರ್ರು. ಅದಕ್ಕೂ ಮುಂಚೆ ಗಾಡಿ ಹೊಡೀತಿದ್ರು, ಎತ್ತಿನ ಗಾಡಿ. ಸಾವ್ಕಾರ್ರಿಗೆ ರೇಸಿನ ಹುಚ್ಚು, ಎಲ್ಲಿಂದಲೋ ಒಂದು ಕೆಂಪು ಕಾರು ತರಿಸಿದ್ರು... ಎರಡೇ ಸೀಟು, ಮ್ಯಾಲೆ ಮುಚ್ಚಿಗೆ ಇಲ್ಲ, ಮೂತಿ ಮಾತ್ರ ಮೈಗಿಂತ ಉದ್ದ! ಬಯಲಲ್ಲಿ ಗಾಳಿ ಹಂಗೆ ಓಡೋದು, ಗಿರಿ ಚಳೀಗೆ ಬಂದ್ರೆ ಮಾತ್ರ ಮುನಿಸ್ಕೊಂಡು ಕೂತ್ಬಿಡೋದು.

"ಮಾಗಿ ತಿಂಗ್ಳು, ಬೆಳಗಿನ ಜಾವ ನಂಗೆ ನೋವು ಕಾಣಿಸ್ಕೊಂತು. ಚೊಚ್ಚಲು. ಕೂಸು ಅಡ್ಡ ತಿರುಗೈತೆ, ತರೀಕೆರೆ ಆಸ್ಪತ್ರೆಗೆ ಹೋದ್ರೆ ಇಬ್ರೂ ಉಳೀತೀರಿ, ಇಲ್ದಿದ್ರೆ ಇಲ್ಲ ಅಂದ್ರು ತೋಟದ ಹೆಂಗಸ್ರು. ಸಾವ್ಕಾರ್ರು ಒಳ್ಳೆಯೋರು, ತಗಂಡೋಗೋ ಕಾರ್‌ನ ಅಂದ್ರು. ಮೈಮ್ಯಾಲೆ ಒಂದು ಸೀರೆ, ಹೊರಗೆ ಕೈ ಚಾಚಿದ್ರೆ ಕೈ ಕಾಣ್ದಂಥಾ ಮಂಜು... ಹೊರಟ್ವಿ.

"ಇಳಿಜಾರು ಬಂತಾ? ನಮ್ಮನೆಯೋರು ಇಂಜಿನ್ ಆಫ್ ಮಾಡ್ಬಿಟ್ರು! ಯಾಕ್ರೀ ಅಂದ್ರೆ, 'ಇಳಿಜಾರಲ್ಲಿ ಎತ್ತಿಗೆ ಒಂಚೂರು ಸುಧಾರಿಸ್ಕಳಕ್ಕೆ ಬಿಡಲ್ವೇನೇ, ಹಂಗೇ ಇದಕ್ಕೂ' ಅಂದ್ರು. ಗಾಡಿ ಹೊಡೆಯೋರ ಬುದ್ಧಿ ಎಲ್ ಹೋಗ್ತದೆ? ಬುಸಬುಸ ಅಂತ ಇಳೀತು, ಆ ಮಂಜು, ಆ ಗಾಳಿ ಎಲ್ಲಾ ಇಂಜಿನ್ ಒಳಕ್ಕೆ. ತಗ್ಗಿಗೆ ಬಂದ್ವಿ, ಮುಂದೆ ಏರು... ಕಾರು ನಿಂತ್ಕಂತು. ಹ್ಯಾಂಡ್ಲು ಹಾಕಿ ತಿರುಗಿಸ್ತಾರೆ, ತಿರುಗಿಸ್ತಾರೆ, ಒಂದು ಸದ್ದಿಲ್ಲ. ಪೆಟ್ರೋಲ್ ವಾಸನೆ ಮೂಗಿಗೆ ಹೊಡೀತೈತೆ, ಕಿಡಿ ಮಾತ್ರ ಹತ್ತವಲ್ದು. 'ನಾನೇ ನಿನ್ನ ಕೊಂದೆ ಕಣೇ' ಅಂತ ಆ ಗಂಡಸು ರಸ್ತೆ ಮ್ಯಾಲೆ ಕೂತು ಅಳ್ತಾ ಇದ್ರೆ, ನಾನು ಹಲ್ಲು ಕಚ್ಚಿ ಹಿಡ್ಕಂಡು ಯಾವ ದೇವ್ರನ್ನ ಕರೀಲಿ ಹೇಳಿ?

"ಆಗ ಬಂದ್ಲು. ಕೆಳಗಿನ ತಿರುವಿಂದ, ಮಂಜಲ್ಲಿ, ಬರಿಗಾಲಲ್ಲಿ ಒಬ್ಬ ಮುದುಕಿ. ಹೆಗಲ ಮ್ಯಾಲೆ ಕೆಂಪಂಚಿನ ಕರಿಕಂಬಳಿ, ಕಂಕುಳಲ್ಲಿ ಒಂದು ಗಂಟು. ನನ್ನ ನೋಡ್ಲಿಲ್ಲ, ಸೀದಾ ಕಾರಿನ ಮೂತಿ ಮುಂದೆ ನಿಂತ್ಲು. 'ಏನಪ್ಪಾ, ಕೂಸು ಅಳ್ಳಿಲ್ವಾ?' ಅಂದ್ಲು.

"ಕಾರು ಕಣ್ರೀ ಅವಳ ಲೆಕ್ಕದಲ್ಲಿ ಕೂಸು! 'ತಣ್ಣಗಾಗ್ಬಿಟ್ಟೈತೆ, ಶಾಖ ಕೊಡ್ಬೇಕು' ಅಂತ ಬಾನೆಟ್ ತೆಗೆಸಿ, ಆ ಗಂಟೊಳಗಿದ್ದ ಹುರಿದ ಮರಳಿಂದ ಬಾಣಂತಿ ಕೋಣೇಲಿ ಒತ್ತೋ ಹಂಗೇ ಅಲ್ಲಲ್ಲಿ ಒತ್ತಿದ್ಲು, ಮ್ಯಾಲೆ ಕಂಬಳಿ ಹೊದಿಸಿ ಮೆತ್ತಗೆ ತಟ್ಟಿದ್ಲು... ತಟ್ಟಿದ್ಲು... ಆಮೇಲೆ 'ಈಗ ತಿರುಗ್ಸು' ಅಂದ್ಲು. ಒಂದೇ ಸುತ್ತು. ಕೆಮ್ತು, ಸೀನ್ತು, ಗುರ್ರಂತು! 'ಹ್ಞೂಂ, ಅತ್ತು ಬಿಡ್ತು' ಅಂತ ನಕ್ಕು, ಕಂಬಳೀನ ನನ್ನ ಹೊಟ್ಟೆ ಮ್ಯಾಲೆ ಹಾಕಿ, 'ವಾಪಸ್ ತರ್ಬೇಡ ಮಗಳೇ, ಥಂಡಿ ಆದ ಕೂಸಿಗೆ ಹೊದಿಸು' ಅಂದ್ಲು. ತಿರುಗಿ ನೋಡಿದ್ರೆ ಬರೀ ಮಂಜು.

"ಆಸ್ಪತ್ರೇಲಿ ಮಗ ಹುಟ್ಟಿದ. ನಾನೂ ಉಳಕಂಡೆ, ನೋಡ್ತಾ ಇದ್ದೀರಲ್ಲ. ಆದ್ರೆ ಅಲ್ಲಿದ್ದ ಆಯಾ ದುರ್ಗಮ್ಮ ಕಂಬಳಿ ಅಂಚು ಹಿಡ್ಕಂಡು ತಿರುಗಿಸಿ ತಿರುಗಿಸಿ ನೋಡಿದ್ಲು. 'ಎಲ್ಲಿ ಸಿಕ್ತೇ ಇದು? ಇದು ನಮ್ಮತ್ತೆ ಕರಿಯಮ್ಮಂದು. ಸೂಲಗಿತ್ತಿ. ಹೋದ ವರ್ಷ ಮಾಗೀಲಿ ಗಿರಿ ಮ್ಯಾಲೆ ಯಾರಿಗೋ ಹೆರಿಗೆ ಅಂತ ಮರಳು ಗಂಟು ಹಿಡ್ಕಂಡು ಹೊರಟೋಳು, ದಾರೀಲೇ ಚಳೀಗೆ ಸೆಟೆದು ಸತ್ಲು. ಹೆರಿಗೆಗೆ ಮುಟ್ಲೇ ಇಲ್ಲ. ಈ ಕಂಬಳೀಲೇ ಸುತ್ತಿ ನಾವು ಮಣ್ಣು ಮಾಡಿದ್ದು...' ಅಂದ್ಲು.

"ನಂಬದಿದ್ರೆ ಬಿಡಿ, ನಂಗೇನು? ಅವತ್ತಿಂದ ಎಷ್ಟು ಕೂಸಿಗೆ ಹೊದಿಸಿದೀನೋ! ಒಂದೂ ಹೋಗಿಲ್ಲ ಕಣ್ರೀ, ಒಂದೂ."

ದೂರದಲ್ಲಿ ರೈಲಿನ ಸಿಳ್ಳು ಕೇಳಿಸಿತು. ಆಗಲೇ ನಮಗೆ ಅರಿವಾದದ್ದು, ಕೂಸಿನ ನಡುಕ ನಿಂತಿತ್ತು. ಅದರ ಕೆನ್ನೆಗೆ ಬಣ್ಣ ಬಂದಿತ್ತು, ಬಾಯಿ ತೆರೆದು ಸುಖವಾಗಿ ನಿದ್ದೆ ಹೋಗಿತ್ತು. ಕಮಲಾಕ್ಷಮ್ಮನ ಕಣ್ಣಲ್ಲಿ ನೀರು.

"ಪುಣ್ಯಾತ್ಗಿತ್ತಿ ಅಜ್ಜಿ ನೀವು. ಕತೆ ಹೇಳ್ತಾ ಹೇಳ್ತಾನೇ ಕಂಬಳಿ ಒಳಗೆ ಕೈಯಿಟ್ಟು ಎಷ್ಟು ಚೆನ್ನಾಗಿ ತಟ್ಟಿ ಮಲಗಿಸಿದ್ರಿ. ಇನ್ನು ಸಾಕು, ಕೈ ನೋಯ್ತದೆ."

ತಿಮ್ಮಕ್ಕಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಎರಡೂ ಕೈಗಳನ್ನು ಲಾಟೀನಿನ ಬೆಳಕಿಗೆ ಎತ್ತಿ ತೋರಿಸಿದಳು. ಕೂಸಿನ ಬೆನ್ನಿನ ಮೇಲೆ ಕಂಬಳಿ ಇನ್ನೂ ಒಳಗಿನಿಂದ ಯಾರೋ ತಟ್ಟುತ್ತಿರುವಂತೆ ಮೆಲ್ಲಗೆ ಏಳುತ್ತ, ಬೀಳುತ್ತ ಇತ್ತು.

"ಸುಮ್ಕಿರೇ, ಅಲ್ಲಾಡ್ಬೇಡ," ಎಂದಳು. "ಕೂಸು ಪೂರಾ ಬೆಚ್ಚಗಾದ್ಮೇಲೆ ಅವಳೇ ಕೈ ತೆಗೀತಾಳೆ."